ಛಾವಣಿಯ ಮಳೆನೀರು ಮನೆಯ ಬಾವಿಗೆ



ಬೆಳಗಾವಿ, ಖಾನಾಪುರ ಕಡೆ ಮಳೆಗೆ ಬರವಿಲ್ಲ. ಆದರೂ ಏಪ್ರಿಲ್-ಮೇ ಬಂದರೆ ಟ್ಯಾಂಕರ್ ದಾರಿ ಕಾಯುತ್ತೇವೆ. ನಗರದ ನಲ್ಲಿಗಳಿಗೆ ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳೇ ಆಧಾರ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮಳೆಗಾಲದಲ್ಲಿ ಖಾನಾಪುರದ ಬಳಿ ತುಂಬಿ ಹರಿದರೂ ಬೇಸಿಗೆಯಲ್ಲಿ ಸೊರಗುತ್ತಾಳೆ. ಜಮೆ ನಾಲ್ಕು ತಿಂಗಳು, ಖರ್ಚು ಹನ್ನೆರಡು ತಿಂಗಳು.

ಲೆಕ್ಕ ಹೀಗಿದೆ. ಒಂದು ಚದರ ಮೀಟರ್ ಛಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 1,000 ಚದರ ಅಡಿ ಎಂದರೆ ಸುಮಾರು 93 ಚದರ ಮೀಟರ್. ವರ್ಷಕ್ಕೆ 1,200 ಮಿ.ಮೀ. ಮಳೆ ಹಿಡಿದು, ಐದರಲ್ಲೊಂದು ಪಾಲು ಪೋಲಾಯಿತೆಂದು ಕಳೆದರೂ ಸುಮಾರು 90,000 ಲೀಟರ್ ಉಳಿಯುತ್ತದೆ. ಅಂದರೆ 5,000 ಲೀಟರಿನ 18 ಟ್ಯಾಂಕರ್. ಇಷ್ಟು ನೀರು ಹಿಡಿಯುವ ಟಾಕಿ ಯಾರ ಮನೆಯಲ್ಲೂ ಇರುವುದಿಲ್ಲ. ಆದ್ದರಿಂದ ತೆರೆದ ಬಾವಿ ಇದ್ದವರು ಅದಕ್ಕೇ ನೀರು ಇಳಿಸುವುದು ಒಳ್ಳೆಯದು. ಬಾವಿಯ ಸುತ್ತಲಿನ ನೆಲವೂ ನೀರು ಕುಡಿಯುತ್ತದೆ, ಅಕ್ಕಪಕ್ಕದ ಬಾವಿಗಳಿಗೂ ಅನುಕೂಲ.

ಬೆಳಗಾವಿಗೆ ಇದು ಹೊಸದಲ್ಲ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನಕ್ಕೆ ನೀರು ಒದಗಿಸಲು ಟಿಳಕವಾಡಿಯಲ್ಲಿ ತೋಡಿದ ಕಾಂಗ್ರೆಸ್ ಬಾವಿ ಇಂದಿಗೂ ಇದೆ. 1990ರ ದಶಕದಲ್ಲಿ ನೀರಿನ ಕೊರತೆ ಬಂದಾಗ ನಗರದ ಹಳೆಯ ಬಾವಿಗಳ ಹೂಳು ತೆಗೆದು ಮತ್ತೆ ಬಳಕೆಗೆ ತರಲಾಯಿತು.

ನಮ್ಮ ಸಮಾಜಕ್ಕಂತೂ ಬಾವಿ ಬೇಕೇ ಬೇಕು. ದಿಗಂಬರ ಮುನಿಗಳ ಆಹಾರಕ್ಕೆ ಬಾವಿಯಿಂದ ಸೇದಿ, ಸೋಸಿ, ಕಾಯಿಸಿದ ನೀರನ್ನು ಬಳಸುವ ಪದ್ಧತಿ ಇದೆ. ಸೋಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಅದೇ ಬಾವಿಗೆ ಮೆಲ್ಲಗೆ ಮರಳಿ ಬಿಡಬೇಕು. ಬೋರ್‌ವೆಲ್‌ನಲ್ಲಿ ಇದು ಸಾಧ್ಯವಿಲ್ಲ. ಬೇಸಿಗೆಯಲ್ಲಿ ಮುನಿಗಳು ಊರಿಗೆ ಬಂದಾಗ ಬಾವಿ ಬತ್ತಿದ್ದರೆ ಶ್ರಾವಕರು ನೀರಿಗಾಗಿ ಓಣಿ ಓಣಿ ಅಲೆಯಬೇಕಾಗುತ್ತದೆ.

ಮಾಡುವ ಕ್ರಮ:

1. ಮೇ ತಿಂಗಳಲ್ಲೇ ಛಾವಣಿ ಗುಡಿಸಿ, ಬಾವಿಯ ಹೂಳು ತೆಗೆಸಿ.

2. ಛಾವಣಿಯ ಪೈಪಿಗೆ ಒಂದು ವಾಲ್ವ್ ಕೂಡಿಸಿ, ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಡಿ.

3. ನಂತರದ ನೀರು ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನ ಮೂಲಕ ಬಾವಿಗೆ ಇಳಿಯಲಿ. ಪೈಪಿನ ಬಾಯಿಗೆ ಜಾಳಿಗೆ ಇರಲಿ.

4. ಅಂಗಳದ, ಬಚ್ಚಲಿನ ನೀರು ಬಾವಿಗೆ ಸೇರದಂತೆ ಕಟ್ಟೆ ಎತ್ತರಿಸಿ. ಶೌಚದ ಗುಂಡಿ ಹತ್ತಿರವಿದ್ದರೆ ಕುಡಿಯುವ ಮೊದಲು ನೀರಿನ ಪರೀಕ್ಷೆ ಮಾಡಿಸಲೇಬೇಕು.

5. ಬಾವಿಯ ಮೇಲೆ ಬಲೆ ಹಾಕಿ. ಕಸ ಬಿದ್ದು ಕೊಳೆತರೆ ಹುಳು ಹುಟ್ಟುತ್ತವೆ. ಆಮೇಲೆ ಔಷಧಿ ಹಾಕಿ ಕೊಲ್ಲುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದೇ ಅಹಿಂಸೆ.

ಮನೆ ಒಡೆದು ಕಟ್ಟಿಸುವಾಗ ಪಾರ್ಕಿಂಗ್ ಜಾಗಕ್ಕೆಂದು ಹಿರಿಯರ ಬಾವಿಯನ್ನು ಮುಚ್ಚಬೇಡಿ. ಒಮ್ಮೆ ಮಣ್ಣು ತುಂಬಿದ ಬಾವಿಯನ್ನು ಮತ್ತೆ ತೋಡುವವರು ಇಲ್ಲ. ಬಾವಿ ಇಲ್ಲದ ಮನೆಯವರು ತಮ್ಮ ಓಣಿಯ ಬಸದಿ ಬಾವಿಗೆ ಬಸದಿಯ ಛಾವಣಿ ನೀರನ್ನು ಇಳಿಸಲು ಕಮಿಟಿಯವರೊಂದಿಗೆ ಈ ಬೇಸಿಗೆಯಲ್ಲೇ ಮಾತನಾಡಲಿ.