ಹಾಲುಣಿಸುವಾಗ ಮತ್ತೆ ಬಸಿರಾಗಲ್ವಾ?

ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ಹಣ್ಣು-ಜವನ ಎಸೆದು ಬಂದ ಎಷ್ಟೋ ಹೊಸ ಜೋಡಿಗಳ ಮನೆಯಲ್ಲಿ ಮುಂದಿನ ಆಷಾಢದ ಹೊತ್ತಿಗೆ ತೊಟ್ಟಿಲು ಕಟ್ಟಿರುತ್ತೆ. ಅಲ್ಲಿಂದಾಚೆಗೆ ಚಾಮರಾಜನಗರವೇ ಇರಲಿ, ಗುಂಡ್ಲುಪೇಟೆಯೇ ಇರಲಿ, ಬಾಣಂತಿಯ ಕಿವಿಗೆ ಬೀಳುವ ಮಾತು ಒಂದೇ: 'ಮಗು ಹಾಲು ಕುಡೀತಿರೋವರೆಗೂ ಏನೂ ಆಗಲ್ಲ ಬಿಡು.' ನಿಮಗೂ ಅಮ್ಮನೋ ಅತ್ತೆಯೋ ಹೀಗೆ ಹೇಳಿರಬಹುದು. ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಉಳಿದರ್ಧ ಗೊತ್ತಿಲ್ಲದೆ, ಮೊದಲ ಮಗು ಅಂಬೆಗಾಲಿಡುವಾಗಲೇ ಮತ್ತೆ ವಾಂತಿ ಶುರುವಾಗಿ ಕಂಗಾಲಾದವರು ಇದ್ದಾರೆ.

ಮಗು ಮೊಲೆ ಚೀಪಿದಾಗಲೆಲ್ಲ ತಾಯಿಯ ಮಿದುಳಿಗೆ ಸಂದೇಶ ಹೋಗುತ್ತದೆ. ಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಹೆಚ್ಚುತ್ತದೆ, ಅಂಡಾಶಯವನ್ನು ಎಬ್ಬಿಸುವ ಹಾರ್ಮೋನುಗಳು ತಗ್ಗುತ್ತವೆ. ಹಾಗಾಗಿ ಅಂಡ ಬಿಡುಗಡೆಯಾಗುವುದಿಲ್ಲ. 1988ರಲ್ಲಿ ಇಟಲಿಯ ಬೆಲ್ಲಾಜಿಯೋದಲ್ಲಿ ಸೇರಿದ ತಜ್ಞರು ಇದಕ್ಕೊಂದು ಲೆಕ್ಕ ಹಾಕಿಕೊಟ್ಟರು. ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಎದೆಹಾಲೇ ಪೂರ್ತಿ ಅಥವಾ ಹೆಚ್ಚೂಕಮ್ಮಿ ಪೂರ್ತಿ ಆಹಾರವಾಗಿರಬೇಕು. ಮೂರೂ ಇದ್ದರೆ ನೂರಕ್ಕೆ 98ರಷ್ಟು ರಕ್ಷಣೆ. ಒಂದು ತಪ್ಪಿದರೂ ನಂಬಿ ಕೂರಬೇಡಿ.

ನಮ್ಮ ಕಡೆ ತಪ್ಪುವುದು ಹೆಚ್ಚಾಗಿ ಎದೆಹಾಲಿನ ವಿಷಯದಲ್ಲೇ. ಜೇನು ನೆಕ್ಕಿಸೋದು, ಬಜೆ ತೇಯೋದು, ಗ್ರೈಪ್ ವಾಟರ್, 'ಹಾಲು ಸಾಲ್ತಿಲ್ಲ' ಅಂತ ಡಬ್ಬಿ ಹಾಲು. ಮೂರು ತಿಂಗಳಾಯ್ತೋ, ರಾಗಿ ಸರಿ! (ಸರಿ ಒಳ್ಳೆಯದೇ, ಆದರೆ ಆರು ತಿಂಗಳು ತುಂಬಲಿ.) ಹೊಟ್ಟೆ ತುಂಬಿದ ಮಗು ಚೀಪುವುದು ಕಡಿಮೆ, ಚೀಪುವುದು ಕಡಿಮೆಯಾದರೆ ಅಂಡಾಶಯ ಎಚ್ಚರ. ಹಗಲು ನಾಲ್ಕು ಗಂಟೆ, ರಾತ್ರಿ ಆರು ಗಂಟೆಗಿಂತ ಹೆಚ್ಚು ಅಂತರ ಬೀಳಬಾರದು. 'ನಮ್ಮ ಪಾಪು ರಾತ್ರಿಯೆಲ್ಲಾ ಏಳೋದೇ ಇಲ್ಲ' ಅಂತ ಹೆಮ್ಮೆಪಡುವವರು ಇದನ್ನು ಗಮನಿಸಿ. ಕೆಲಸಕ್ಕೆ ಹೋಗುವವರು ಪಂಪಿನಲ್ಲಿ ಹಾಲು ತೆಗೆದಿಟ್ಟರೆ ಮಗುವಿಗೇನೋ ಒಳ್ಳೆಯದು, ನಿಮ್ಮ ರಕ್ಷಣೆ ಮಾತ್ರ ತುಸು ತಗ್ಗಬಹುದು.

'ಮುಟ್ಟು ಬಂದ ಮೇಲೆ ನೋಡ್ಕೊಳ್ಳೋಣ' ಎನ್ನುವುದೂ ಅಪಾಯವೇ. ಅಂಡ ಮೊದಲು ಬರುತ್ತದೆ, ಮುಟ್ಟು ಸುಮಾರು ಎರಡು ವಾರ ಕಳೆದು. ಅದರಲ್ಲೂ ಆರು ತಿಂಗಳ ನಂತರ, ಒಮ್ಮೆಯೂ ಮುಟ್ಟಾಗದೆಯೇ ಬಸಿರು ನಿಲ್ಲಬಹುದು. ಹೆರಿಗೆಯಾಗಿ 56 ದಿನದೊಳಗಿನ ಸ್ರಾವ ಲೆಕ್ಕಕ್ಕಿಲ್ಲ. ಅದಾದ ಮೇಲೆ ಎರಡು ದಿನ ಕಂಡರೆ ಮುಟ್ಟು ಮರಳಿತೆಂದೇ ತಿಳಿಯಿರಿ.

ಮುಂದಿನ ಬಸಿರಿಗೆ ಕನಿಷ್ಠ ಎರಡು ವರ್ಷ ಕಾಯಿರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎದೆಹಾಲು ಕಾಯುವುದು ಆರೇ ತಿಂಗಳು. ಹಾಗಾಗಿ ಐದನೇ ತಿಂಗಳಲ್ಲೇ ಬೇರೆ ದಾರಿ ನೋಡಿಕೊಳ್ಳಿ. ಕಾಪರ್-ಟಿ, ನಿರೋಧ್, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ 'ಅಂತರಾ' ಚುಚ್ಚುಮದ್ದು, 'ಛಾಯಾ' ಮಾತ್ರೆ ಇವೆಲ್ಲ ಹಾಲುಣಿಸುವವರಿಗೂ ಆಗುತ್ತವೆ. ಮಾಲಾ-ಎನ್‌ನಂಥ ಮಾತ್ರೆಯಲ್ಲಿ ಈಸ್ಟ್ರೋಜನ್ ಇದೆ, ಹಾಲು ಕಡಿಮೆಯಾಗಬಹುದು. ಆರು ತಿಂಗಳವರೆಗೆ ಬೇಡ. ಯಾವುದು ನಿಮಗೆ ಒಗ್ಗುತ್ತೆ ಅಂತ ಡಾಕ್ಟರನ್ನೇ ಕೇಳಿ. ಆಶಾ ಕಾರ್ಯಕರ್ತೆ 42ನೇ ದಿನ ಮಗುವನ್ನು ನೋಡಲು ಬಂದಾಗಲೂ ಕೇಳಬಹುದು, ನಾಚಿಕೆ ಬೇಡ. ಯಜಮಾನರು ಮನೆಯಲ್ಲಿದ್ದರೆ ಅವರನ್ನೂ ಕರೆದು ಕೂರಿಸಿ.