‘ನೀವು’ ಅಂದರೆ ಮರ್ಯಾದೆಯೋ, ಸಲಿಗೆಯೋ?

ಮಕ್ಕಳೇ, ಗುಡಿಬಂಡೆ, ಮಡಕಶಿರಾ, ರಾಯದುರ್ಗದ ಕಡೆಯ ನಮಗೆ ಎರಡು ಭಾಷೆ ಹೊಸದಲ್ಲ. ಮನೇಲಿ ಕನ್ನಡ, ಸಂತೇಲಿ ತೆಲುಗು ಅನ್ನೋರು ಎಷ್ಟೋ ಜನ. ಈಗ ಒಬ್ಬ ಕನ್ನಡದ ಹುಡುಗ ತನಗೆ ತೆಲುಗು ಹೇಳಿಕೊಡುವ ಮೇಷ್ಟ್ರಿಗೆ ಫೋನಿನಲ್ಲಿ ‘ನೀವು’ ಅಂತ ಬರೆದ ಅಂತಿಟ್ಟುಕೊಳ್ಳಿ. ಅವನು ಬರೆದದ್ದು ಮರ್ಯಾದೆಯಿಂದಲೇ. ಆದರೆ ತೆಲುಗಿನಲ್ಲಿ ‘ನೀವು’, ‘ನುವ್ವು’ ಎರಡೂ ನಮ್ಮ ‘ನೀನು’ ಇದ್ದ ಹಾಗೆ. ದೊಡ್ಡವರಿಗೆ ಅಲ್ಲಿ ‘ಮೀರು’ ಅನ್ನಬೇಕು. ಒಂದೇ ಪದ, ಅರ್ಥ ಮಾತ್ರ ತಿರುವುಮುರುವು!

ಕಂಪ್ಯೂಟರಿಗೆ ಈ ಗೊಂದಲವಿಲ್ಲ. ಯೂನಿಕೋಡ್ ಎಂಬ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ತೆಲುಗಿನ ‘ನ’ 3112, ಕನ್ನಡದ ‘ನ’ 3240. ಎರಡರ ನಡುವೆ ಸರಿಯಾಗಿ 128 ವ್ಯತ್ಯಾಸ. ಅಕ್ಷರ ಯಾವ ಭಾಷೆಯ ಲಿಪಿಯದು ಅಂತ ಯಂತ್ರ ಗುರುತಿಸುತ್ತೆ. ಬರೆದವರ ಮನಸ್ಸಿನಲ್ಲಿದ್ದ ಮರ್ಯಾದೆಗೆ ಮಾತ್ರ ಯಾವ ಸಂಖ್ಯೆಯೂ ಇಲ್ಲ.

ಎದುರಿಗೆ ನಿಂತು ಮಾತಾಡಿದರೆ ಇಂಥ ತಪ್ಪು ಬೇಗ ಸರಿಹೋಗುತ್ತೆ. ಮುಖ, ದನಿ, ಜೋಡಿಸಿದ ಕೈ ಉಳಿದದ್ದನ್ನು ಹೇಳುತ್ತವೆ. ಸಂದೇಶದಲ್ಲಿ ಅವು ಯಾವುವೂ ಇಲ್ಲ, ಬರೀ ಅಕ್ಷರ. ಆಗ ಓದುವವರು ತಮ್ಮ ಊರಿನ ರೂಢಿಯಿಂದಲೇ ಅರ್ಥ ಮಾಡಿಕೊಳ್ಳುತ್ತಾರೆ.

ಗೆಳೆಯರು ದೂರದ ದೇಶದವರಾದರೆ ಇದು ಇನ್ನೂ ಹೆಚ್ಚು. ಹೊರಡುವಾಗ ನಾವು ‘ಹೋಗ್ತೀನಿ’ ಅನ್ನಲ್ಲ, ‘ಬರ್ತೀನಿ’ ಅಂತೀವಿ. ಅದನ್ನೇ ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸಿ ಕಳಿಸಿದರೆ ಆಚೆಯವರು ‘ಇವನು ಈಗಲೇ ಬರ್ತಾನೆ’ ಅಂತ ಕಾಯ್ತಾ ಕೂರಬಹುದು. ಇಂಗ್ಲಿಷಿನವರು ಮೇಷ್ಟ್ರಿಗೂ ತಮ್ಮನಿಗೂ ‘ಯೂ’ ಅಂತಲೇ ಅನ್ನುತ್ತಾರೆ. ಅಂಥವರು ಕನ್ನಡ ಕಲಿಯುವಾಗ ನಿಮ್ಮ ತಾತನಿಗೆ ‘ನೀನು’ ಅಂದರೆ ಅದು ಸೊಕ್ಕಲ್ಲ, ಅಭ್ಯಾಸ.

ಚಿತ್ರಗಳಾದರೂ ಎಲ್ಲರಿಗೂ ಒಂದೇ ಅಂದುಕೊಂಡಿರಾ? ಕೈಜೋಡಿಸಿದ ಎಮೋಜಿ ನಮಗೆ ನಮಸ್ಕಾರ. ಎಮೋಜಿಗಳು ಬೆಳೆದು ಬಂದ ಜಪಾನಿನಲ್ಲಿ ಅದು ‘ದಯವಿಟ್ಟು’ ಅಥವಾ ‘ಧನ್ಯವಾದ’. ಇನ್ನು ಕೆಲವರಿಗೆ ಅದು ಪ್ರಾರ್ಥನೆ.

ಹಾಗಾಗಿ ಹೊಸ ಭಾಷೆ ಕಲಿಯುವಾಗ ಪದದ ಜೊತೆ ಅದನ್ನು ಯಾರಿಗೆ, ಯಾವಾಗ ಬಳಸುತ್ತಾರೆ ಅನ್ನೋದನ್ನೂ ಕಲೀಬೇಕು. ಯಾರಾದರೂ ಒರಟಾಗಿ ಬರೆದರು ಅನ್ನಿಸಿದರೆ ತಕ್ಷಣ ಮುನಿಸಿಕೊಳ್ಳಬೇಡಿ. ‘ನಿಮ್ಮ ಕಡೆ ಇದಕ್ಕೆ ಏನರ್ಥ?’ ಅಂತ ಒಂದು ಮಾತು ಕೇಳಿ. ಒಂದು ಪ್ರಶ್ನೆಯಿಂದ ಒಂದು ಗೆಳೆತನ ಉಳೀಬಹುದು.

ಮಾಡಿ ನೋಡಿ: ಕನ್ನಡದಲ್ಲೂ ತೆಲುಗಿನಲ್ಲೂ ಒಂದೇ ಥರ ಕೇಳಿಸಿ, ಅರ್ಥ ಬೇರೆಯಾಗುವ ಐದು ಪದ ಹುಡುಕಿ. ಅಕ್ಕಪಕ್ಕದ ತೆಲುಗು ಮನೆಯವರನ್ನು ಕೇಳಿ, ತರಗತೀಲಿ ಪಟ್ಟಿ ಮಾಡಿ.