ಸಮೀಪದೃಷ್ಟಿಯವರು ಕಾಣುವ ಲೋಕ

ಕಾರ್ತಿಕಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುತ್ತದೆಯಷ್ಟೆ. ಸಂಜೆಯಾಗುತ್ತಲೆ ದೊಡ್ಡ ಬಸವಣ್ಣನ ಗುಡಿಯ ಮುಂದಿನ ರಸ್ತೆಯಲ್ಲಿ ದೀಪಗಳ ಸರಗಳು ಬೆಳಗುತ್ತವೆ. ಅಲ್ಲಿ ಇಬ್ಬರು ಗೆಳೆಯರು ಜೊತೆಯಾಗಿ ನಿಂತಿದ್ದಾರೆಂದು ಭಾವಿಸೋಣ. ಒಬ್ಬನ ಕಣ್ಣು ನೆಟ್ಟಗಿದೆ; ಇನ್ನೊಬ್ಬನು ಸಮೀಪದೃಷ್ಟಿಯವನು, ಕನ್ನಡಕವನ್ನು ಮನೆಯಲ್ಲಿ ಬಿಟ್ಟು ಬಂದಿದ್ದಾನೆ. ಮೊದಲನೆಯವನಿಗೆ ಕಾಣುವುದು ಸಣ್ಣ ಸಣ್ಣ ಬಲ್ಬುಗಳ ಸಾಲು. ಎರಡನೆಯವನಿಗೆ ಬಲ್ಬುಗಳೇ ಕಾಣವು. ಅವುಗಳ ಸ್ಥಾನದಲ್ಲಿ, ಒಂದರ ಮೇಲೊಂದು ಅರ್ಧ ಸರಿದು ಕುಳಿತ, ಒಂದರೊಳಗಿಂದ ಮತ್ತೊಂದು ತೋರುವ, ದೊಡ್ಡ ದುಂಡು ಬಿಲ್ಲೆಗಳು ತೂಗುತ್ತಿರುತ್ತವೆ. ಅವನು ಕಾಣುವ ಪರಿಷೆಯೇ ಹೆಚ್ಚು ಚೆಲುವಾದದ್ದೆಂದು ವಾದಿಸುವವರೂ ಉಂಟು. ಆದರೆ ಹತ್ತು ಮಾರು ದೂರದಿಂದ ನಗುತ್ತ ಬರುವ ಸೋದರಮಾವನ ಗುರುತು ಅವನಿಗೆ ಹತ್ತುವುದಿಲ್ಲ. ಮಾವನವರು ‘ಹುಡುಗನಿಗೆ ಜಂಬ’ ಎಂದುಕೊಂಡು ಮುಂದೆ ಹೋಗುತ್ತಾರೆ.

ಸಮೀಪದೃಷ್ಟಿಯವರಿಗೆ ದೂರದ ವಸ್ತುಗಳು ಮಂಜಾಗಿ ಕಾಣುತ್ತವೆಂದು ಹೇಳಿ ಪಠ್ಯಪುಸ್ತಕಗಳು ಮುಗಿಸಿಬಿಡುತ್ತವೆ. ಮಂಜೆಂಬ ಮಾತು ಇಲ್ಲಿ ಅಷ್ಟು ಸರಿಯಲ್ಲ. ಮಂಜು ಬೆಳಕನ್ನು ಚೆದರಿಸುತ್ತದೆ, ಬಣ್ಣಗಳನ್ನು ಬಿಳಿಚಿಸುತ್ತದೆ. ಸಮೀಪದೃಷ್ಟಿಯಲ್ಲಿ ಕಣ್ಣಿನೊಳಕ್ಕೆ ಬರುವ ಬೆಳಕು ಕಡಮೆಯಾಗುವುದಿಲ್ಲ. ನಡೆಯುವುದಿಷ್ಟೆ: ದೂರದ ಪ್ರತಿಯೊಂದು ಬಿಂದುವೂ ಒಂದು ನಿರ್ದಿಷ್ಟ ಅಳತೆಯ ಬಿಲ್ಲೆಯಾಗಿ ಹರಡುತ್ತದೆ. ಆ ಅಳತೆಯನ್ನು ಅಡಿಗೆಮನೆಯ ಸಾಮಗ್ರಿಯಿಂದಲೆ ಕಂಡುಕೊಳ್ಳಬಹುದು.

ಕಣ್ಣಿನ ರಚನೆಯನ್ನು ಎರಡು ಮಾತಿನಲ್ಲಿ ನೆನಪುಮಾಡಿಕೊಳ್ಳೋಣ. ಮುಂಭಾಗದ ಗಾಜಿನಂಥ ಪೊರೆ ಕಾರ್ನಿಯಾ. ಬೆಳಕನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅದರದೇ. ಉಳಿದದ್ದನ್ನು ಒಳಗಿನ ಮಸೂರ ಪೂರೈಸುತ್ತದೆ. ಇವೆರಡೂ ಸೇರಿ ಹಿಂಗೋಡೆಯಲ್ಲಿರುವ ಅಕ್ಷಿಪಟಲದ ಮೇಲೆ ಬಿಂಬವನ್ನು ಮೂಡಿಸಬೇಕು. ಬೆಳೆದವರ ಕಣ್ಣಿನ ಉದ್ದ ಸುಮಾರು 24 ಮಿಲಿಮೀಟರು. ಅದು ಒಂದೇ ಒಂದು ಮಿಲಿಮೀಟರು ಹೆಚ್ಚಾದರೆ ಸಾಕು, ಬಿಂಬ ಅಕ್ಷಿಪಟಲಕ್ಕಿಂತ ಮುಂದೆಯೆ ಕೂಡಿಕೊಂಡು, ಎರಡೂವರೆಯಿಂದ ಮೂರು ಡಯಾಪ್ಟರುಗಳಷ್ಟು ಸಮೀಪದೃಷ್ಟಿ ಉಂಟಾಗುತ್ತದೆ. ಅಂಗಡಿಯಲ್ಲಿ ‘ಪವರ್’ ಎಂದೂ ಮನೆಯಲ್ಲಿ ‘ನಂಬರು’ ಎಂದೂ ಕರೆಯುವುದು ಈ ಡಯಾಪ್ಟರನ್ನೇ. ಸಮೀಪದೃಷ್ಟಿಯ ವಾಚಕರು ಇದನ್ನು ತಾವೇ ಅಳೆಯಬಹುದು. ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ, ಈ ಪುಟವನ್ನು ಮೆಲ್ಲನೆ ದೂರ ಸರಿಸುತ್ತ ಹೋಗಿ. ಅಕ್ಷರದ ಅಂಚು ಕದಡತೊಡಗುವ ದೂರವನ್ನು ಸೆಂಟಿಮೀಟರಿನಲ್ಲಿ ಅಳೆದು, ನೂರನ್ನು ಅದರಿಂದ ಭಾಗಿಸಿ. 33 ಸೆಂಟಿಮೀಟರಾದರೆ 3 ಡಯಾಪ್ಟರು. ಈ ಗಡಿಗೆ ದೂರಬಿಂದುವೆಂದು ಹೆಸರು.

ಈಗ ಬಿಲ್ಲೆಯ ಅಳತೆ. ನಿಮ್ಮ ಕಣ್ಣಿನ ಪಾಪೆ ಎಷ್ಟಗಲವಿದೆಯೊ ಅಷ್ಟಗಲದ ಕಾಳೊಂದನ್ನು ನಿಮ್ಮ ದೂರಬಿಂದುವಿನಲ್ಲಿ ಹಿಡಿದರೆ ಅದು ಆಕಾಶದಲ್ಲಿ ಎಷ್ಟು ಜಾಗವನ್ನು ಮರೆಮಾಡುವುದೊ, ಅಷ್ಟೇ ಜಾಗಕ್ಕೆ ದೂರದ ಪ್ರತಿಯೊಂದು ಬೆಳಕಿನ ಬಿಂದುವೂ ಹರಡುತ್ತದೆ. ಹಗಲಿನಲ್ಲಿ ಪಾಪೆ 3 ಮಿಲಿಮೀಟರು, ಅಂದರೆ ಕೊತ್ತಂಬರಿ ಬೀಜದಷ್ಟು. ಇರುಳಿನಲ್ಲಿ 6 ಮಿಲಿಮೀಟರು, ತೊಗರಿಕಾಳಿನಷ್ಟು ಎಂದಿಟ್ಟುಕೊಳ್ಳೋಣ. 33 ಸೆಂಟಿಮೀಟರು ದೂರದಲ್ಲಿ ಹಿಡಿದ ಕೊತ್ತಂಬರಿ ಬೀಜ ಹುಣ್ಣಿಮೆಯ ಚಂದ್ರನನ್ನು ಸರಿಯಾಗಿ ಮುಚ್ಚುತ್ತದೆ. ಎಂದಮೇಲೆ 3 ಡಯಾಪ್ಟರಿನವನಿಗೆ ಇರುಳಿನಲ್ಲಿ ಒಂದೊಂದು ನಕ್ಷತ್ರವೂ ಚಂದ್ರನ ಎರಡರಷ್ಟು ಅಗಲದ ಬಿಲ್ಲೆಯಾಗಿ ಕಾಣಬೇಕು! ಹಾಗಾದರೆ ಅವನ ಆಕಾಶವೆಲ್ಲ ಬಿಲ್ಲೆಗಳಿಂದ ತುಂಬಿರಬೇಕಲ್ಲವೆ? ಇಲ್ಲ. ನೆಟ್ಟಗಿನ ಕಣ್ಣಿನಲ್ಲಿ ಒಂದು ಚುಕ್ಕೆಗೆ ಸೇರಬೇಕಾದ ಬೆಳಕು ಇಲ್ಲಿ ಮೂರು ಸಾವಿರ ಪಟ್ಟಿಗೂ ಮಿಕ್ಕ ಜಾಗಕ್ಕೆ ಹಂಚಿಹೋಗಿರುತ್ತದೆ. ಅಷ್ಟು ತೆಳುವಾದ ಬೆಳಕು ನಗರದ ಆಕಾಶದ ಮಬ್ಬಿನಲ್ಲಿ ಮುಳುಗಿಹೋಗುತ್ತದೆ. ಕೃತ್ತಿಕೆಯ ಗುಂಪನ್ನು ಒಮ್ಮೆಯೂ ಕಾಣದೆ ಬೆಳೆದ ಹುಡುಗರಿದ್ದಾರೆ. ಇತರರು ಅದನ್ನು ತೋರಿಸುವಾಗ ತಾವೂ ತಲೆಯಾಡಿಸಿರುತ್ತಾರೆ. ಚೌತಿಯ ಚಂದ್ರನ ಗೆರೆಯೂ ಅವರಿಗೆ ಗೆರೆಯಾಗಿ ಕಾಣದು, ಒಂದು ಉಬ್ಬಿದ ಮಚ್ಚೆಯಾಗಿ ಕಾಣುತ್ತದೆ. ಅದನ್ನು ನೋಡಿದರೆ ಅಪವಾದ ತಟ್ಟುವುದೊ ಇಲ್ಲವೊ ಎಂಬುದನ್ನು ಶಾಸ್ತ್ರಿಗಳು ತೀರ್ಮಾನಿಸಬೇಕು.

ಹಗಲಿನ ಉದಾಹರಣೆಯೊಂದು: ಚಾಮರಾಜಪೇಟೆಯ ನಿಲ್ದಾಣದಲ್ಲಿ ನಿಂತು 40 ಮೀಟರು ದೂರದ ಬಸ್ಸಿನ ಫಲಕವನ್ನು ಓದಬೇಕು. ಅಕ್ಷರದ ಎತ್ತರ 15 ಸೆಂಟಿಮೀಟರು ಇರಲಿ. ಮೇಲಿನ ಲೆಕ್ಕದಂತೆ ಫಲಕದ ಪ್ರತಿಯೊಂದು ಬಿಂದುವೂ 36 ಸೆಂಟಿಮೀಟರು ಅಗಲಕ್ಕೆ ಹರಡಿರುತ್ತದೆ. ಅಕ್ಷರಗಳು ಒಂದರೊಳಗೊಂದು ಕರಗಿ, ಫಲಕವೆಂಬುದು ಬಣ್ಣದ ಒಂದು ಪಟ್ಟಿಯಾಗಿ ಮಾತ್ರ ಉಳಿಯುತ್ತದೆ. ಬಸ್ಸು ಆರೇಳು ಮೀಟರು ಹತ್ತಿರಕ್ಕೆ ಬರುವವರೆಗೂ ಅದು ಜಯನಗರದ್ದೊ ಮಲ್ಲೇಶ್ವರದ್ದೊ ತಿಳಿಯದು. ಅಷ್ಟರಲ್ಲಿ ಕೈತೋರಿಸುವ ಸಮಯ ಮೀರಿರುತ್ತದೆ.

ಇಂಥವರು ಕಣ್ಣನ್ನು ಕಿರಿದುಮಾಡಿ ನೋಡುತ್ತಾರೆ. ಇದು ಭೌತಶಾಸ್ತ್ರಕ್ಕೆ ಒಪ್ಪುವ ಉಪಾಯ. ರೆಪ್ಪೆಗಳು ಪಾಪೆಯ ಎತ್ತರವನ್ನು ಕತ್ತರಿಸಿದಾಗ ಬಿಲ್ಲೆಯ ಎತ್ತರವೂ ಅಷ್ಟೇ ಕುಗ್ಗುತ್ತದೆ. ಇಂಗ್ಲಿಷಿನ ‘ಮಯೋಪಿಯ’ ಎಂಬ ಹೆಸರು ಬಂದಿರುವುದೂ ಕಣ್ಣು ಮುಚ್ಚುವುದೆಂಬ ಅರ್ಥದ ಗ್ರೀಕ್ ಪದದಿಂದಲೆ. ರಟ್ಟಿನಲ್ಲಿ ಸೂಜಿಯಿಂದ ರಂಧ್ರ ಮಾಡಿ ಅದರ ಮೂಲಕ ನೋಡಿದರೆ ಇನ್ನೂ ಚೆನ್ನು. ಬೆಳಕು ಕಡಮೆಯಾದರೂ ಫಲಕದ ಅಕ್ಷರಗಳು ಮೂಡುತ್ತವೆ.

ರಟ್ಟಿನಿಂದ ಮತ್ತೊಂದು ಪ್ರಯೋಗವನ್ನೂ ಮಾಡಬಹುದು. ಇರುಳಿನಲ್ಲಿ ಕನ್ನಡಕವಿಲ್ಲದೆ ದೂರದ ಬೀದಿದೀಪವನ್ನು ಒಂದೇ ಕಣ್ಣಿನಿಂದ ನೋಡುತ್ತ, ರಟ್ಟಿನ ಅಂಚನ್ನು ಹುಬ್ಬಿನ ಕಡೆಯಿಂದ ಕಣ್ಣಿನ ಮುಂದೆ ಮೆಲ್ಲನೆ ಇಳಿಸಿ. ಬಿಲ್ಲೆ ಮೇಲಿನಿಂದ ಕಪ್ಪಾಗುತ್ತ ಬಂದರೆ ನಿಮ್ಮದು ಸಮೀಪದೃಷ್ಟಿ. ಕಿರಣಗಳು ಅಕ್ಷಿಪಟಲಕ್ಕಿಂತ ಮುಂದೆ ಕೂಡಿ, ಒಂದನ್ನೊಂದು ದಾಟಿ ಹೋಗುವುದರಿಂದ ಪಾಪೆಯ ಮೇಲಂಚಿನ ಬೆಳಕು ಅಕ್ಷಿಪಟಲದ ಕೆಳಗಡೆ ಬೀಳುತ್ತದೆ. ಕೆಳಗೆ ಬಿದ್ದುದನ್ನು ಮಿದುಳು ಮೇಲಿನದೆಂದು ಓದುತ್ತದೆ. ದೂರದೃಷ್ಟಿಯ ಕಣ್ಣಿನಲ್ಲಿ ಬಿಲ್ಲೆ ಕೆಳಗಿನಿಂದ ಕಪ್ಪಾಗುತ್ತದೆ. ಆ ಬಿಲ್ಲೆಯನ್ನೇ ಸ್ವಲ್ಪ ಹೊತ್ತು ದಿಟ್ಟಿಸಿದರೆ ಅದರೊಳಗೆ ರೆಪ್ಪೆಗೂದಲಿನ ನೆರಳೂ ಕಣ್ಣೀರಿನ ಪದರದ ಗೆರೆಗಳೂ ತೇಲುವುದು ಕಾಣುತ್ತದೆ. ನೋಡುವವನ ಸ್ವಂತ ಕಣ್ಣೇ ಪ್ರಯೋಗಶಾಲೆಯಾಗಬಲ್ಲದು. ಸಿ. ವಿ. ರಾಮನ್ನರು ಬೆಂಗಳೂರಿನಲ್ಲಿ ತಮ್ಮ ಕಡೆಯ ವರ್ಷಗಳನ್ನು ದೃಷ್ಟಿಯ ಅಧ್ಯಯನಕ್ಕೆ ಮೀಸಲಿಟ್ಟು, 1968ರಲ್ಲಿ ಅದನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದರೆಂಬುದು ಇಲ್ಲಿ ನೆನಪಿಗೆ ಬರುತ್ತದೆ.

ಇದುವರೆಗೆ ಬಿಲ್ಲೆ ದುಂಡಾಗಿದೆಯೆಂದು ಭಾವಿಸಿದೆವು. ಕಾರ್ನಿಯಾ ನೆಲ್ಲಿಕಾಯಿಯಂತೆ ಎಲ್ಲ ದಿಕ್ಕಿಗೂ ಸಮನಾಗಿ ಬಾಗಿದ್ದರೆ ಹಾಗೆಯೆ ಸರಿ. ಆದರೆ ಎಷ್ಟೋ ಜನರ ಕಾರ್ನಿಯಾ ನೇರಳೆಹಣ್ಣಿನ ಮೈಯನ್ನು ಹೋಲುತ್ತದೆ: ಸುತ್ತಳತೆಯ ಕಡೆ ಬಾಗು ಹೆಚ್ಚು, ಉದ್ದದ ಕಡೆ ಕಡಮೆ. ಆಗ ಒಂದೇ ಕಣ್ಣಿಗೆ ಎರಡು ದೂರಬಿಂದುಗಳು. ಇದೇ ಅಸಮದೃಷ್ಟಿ, ಅಸ್ಟಿಗ್ಮಾಟಿಸಂ. ಬಿಂದುವಿಲ್ಲದ್ದು ಎಂದು ಆ ಮಾತಿನ ಅರ್ಥ. ಚೀಟಿಯಲ್ಲಿ −2.00, −1.00, 180 ಎಂದು ಬರೆದಿದ್ದರೆ ಅಡ್ಡ ದಿಕ್ಕಿನಲ್ಲಿ 2 ಡಯಾಪ್ಟರು, ಲಂಬ ದಿಕ್ಕಿನಲ್ಲಿ 3 ಡಯಾಪ್ಟರು ಎಂದು ಓದಿಕೊಳ್ಳಬೇಕು. ಅವನ ನಕ್ಷತ್ರ ಎರಡು ಚಂದ್ರರಷ್ಟು ಎತ್ತರವೂ ಒಂದೂಕಾಲು ಚಂದ್ರನಿಗಿಂತ ತುಸು ಹೆಚ್ಚು ಅಗಲವೂ ಉಳ್ಳ ಮೊಟ್ಟೆಯಾಗಿ ನಿಲ್ಲುತ್ತದೆ. ಅವನಿಗೆ ಬರಿಯ 2 ಡಯಾಪ್ಟರಿನ ಸಾಧಾರಣ ಮಸೂರವನ್ನು ಕೊಟ್ಟರೆ ಅಗಲ ಅಳಿದು ಎತ್ತರ ಮಾತ್ರ ಉಳಿಯುತ್ತದೆ. ಒಂದೊಂದು ದೀಪವೂ ಒಂದೊಂದು ನಿಂತ ಗೆರೆ.

ಕಣ್ಣು ಚೆನ್ನಾಗಿರುವವರು ಇದನ್ನು ಕಾಣಬೇಕೆಂದರೆ ಗಾಳಿಯಾಡುವ ಸಂಜೆ ಮಲ್ಲೇಶ್ವರದ ಪಕ್ಕದ ಸ್ಯಾಂಕಿ ಕೆರೆಯ ದಂಡೆಗೆ ಹೋಗಬೇಕು. ಆಚೆದಡದ ದೀಪಗಳ ಪ್ರತಿಬಿಂಬಗಳು ಅಲೆಗಳ ಮೇಲೆ ಉದ್ದುದ್ದ ಕಂಬಗಳಾಗಿ ನಿಂತಿರುತ್ತವೆ. ದಡದ ಮೇಲಿನ ದೀಪಗಳೂ ಕಂಬಗಳಾಗಿ ಕಂಡರೆ ತಲೆಯನ್ನು ಭುಜದ ಕಡೆಗೆ ಬಾಗಿಸಿ ನೋಡಿ. ಕಂಬ ತಲೆಯೊಡನೆ ಬಾಗಿದರೆ ದೋಷ ಕಣ್ಣಿನದು. ಕೆರೆಯ ಕಂಬಗಳು ಬಾಗುವುದಿಲ್ಲ.

ಕನ್ನಡ ಲಿಪಿಯ ಮೇಲೆ ಇದರ ಪರಿಣಾಮ ವಿಚಿತ್ರವಾದದ್ದು. ಬಿಂದು ಲಂಬವಾಗಿ ಹರಡಿದಾಗ ಅಡ್ಡಗೆರೆಗಳು ಕದಡಿ, ನಿಂತ ಗೆರೆಗಳು ಚೊಕ್ಕಟವಾಗಿ ಉಳಿಯುತ್ತವೆ. ತಲೆಕಟ್ಟು ದಪ್ಪಗಾಗಿ ಮಾಸುತ್ತದೆ. ಅನುಸ್ವಾರದ ಸೊನ್ನೆ ಮೇಲುಕೆಳಗುಗಳನ್ನು ಕಳೆದುಕೊಂಡು ಎರಡು ಗೂಟಗಳಾಗುತ್ತದೆ. ಎಳೆಯರಲ್ಲಿ ಸಾಮಾನ್ಯವಾಗಿ ಕಾಣುವುದು ಈ ಬಗೆ. ವಯಸ್ಸಾದಂತೆ ಹಲವರ ಕಾರ್ನಿಯಾದ ಬಾಗು ಬದಲಾಗಿ, ಹರಡುವಿಕೆ ಅಡ್ಡಡ್ಡಲಾಗುತ್ತದೆ. ಆಗ ನಿಂತ ಗೆರೆಗಳು ಅಳಿಯುತ್ತವೆ. ಮಹಾಪ್ರಾಣಗಳ ಕೆಳಗಿನ ಪುಟ್ಟ ಸೀಳು ನಿಂತ ಗೆರೆಯೇ ಆದುದರಿಂದ, ಅದು ಹೋದಮೇಲೆ ದನಕ್ಕೂ ಧನಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಈ ದೋಷವನ್ನು ತನ್ನ ಕಣ್ಣಿನಲ್ಲಿಯೆ ಕಂಡು 1801ರಲ್ಲಿ ವಿವರಿಸಿದವನು ಥಾಮಸ್ ಯಂಗ್. ಅದಕ್ಕೆ ಮದ್ದು ಹುಡುಕಿದವನು ಜಾರ್ಜ್ ಏರಿ. ಅವನ ಎಡಗಣ್ಣಿಗೆ ಬೆಳಕಿನ ಬಿಂದು ಗೆರೆಯಾಗಿ ಕಾಣುತ್ತಿತ್ತು. ರಟ್ಟಿನ ಸೂಜಿರಂಧ್ರವನ್ನು ಕಣ್ಣಿಗೆ ಹತ್ತಿರ ತಂದು, ದೂರ ಒಯ್ದು, ಯಾವ ಎರಡು ದೂರಗಳಲ್ಲಿ ಅದು ಒಂದಕ್ಕೊಂದು ಲಂಬವಾದ ಗೆರೆಗಳಾಗುವುದೆಂದು ಅಳೆದನು. ಆ ಲೆಕ್ಕದಿಂದ ಒಂದೇ ದಿಕ್ಕಿನಲ್ಲಿ ಬಾಗಿದ ಮಸೂರವನ್ನು, ಎಂದರೆ ಈಗಿನ ‘ಸಿಲಿಂಡರ್’ ಗಾಜನ್ನು, ಕುಶಲಕರ್ಮಿಯೊಬ್ಬನಿಂದ ಅರೆಯಿಸಿ ಧರಿಸಿದನು. 1825ರಲ್ಲಿ ಇದನ್ನು ವಿದ್ವಾಂಸರ ಮುಂದಿಟ್ಟಾಗ ಅವನಿಗೆ ಇಪ್ಪತ್ತೈದೂ ತುಂಬಿರಲಿಲ್ಲ.

ಏರಿಗೆ ತನ್ನ ಕಣ್ಣು ಕೆಟ್ಟಿದೆಯೆಂದು ತಿಳಿದಿತ್ತು. ಮಕ್ಕಳಿಗೆ ಅದು ತಿಳಿಯುವ ಬಗೆಯೇ ಇಲ್ಲ. ಮರವೆಂದರೆ ಎಲ್ಲರಿಗೂ ಹಸಿರು ಮುದ್ದೆಯೇ ಎಂದು ಮಗು ನಂಬಿರುತ್ತದೆ. ಪ್ರತಿವರ್ಷವೂ ನನ್ನ ತರಗತಿಯಲ್ಲಿ, ಕರಿಹಲಗೆಯ ಸಮೀಕರಣವನ್ನು ಪಕ್ಕದವನ ಪುಸ್ತಕದಿಂದ ಇಳಿಸಿಕೊಳ್ಳುವ ಒಬ್ಬಿಬ್ಬರು ಕಣ್ಣಿಗೆ ಬೀಳುತ್ತಾರೆ. ಅವರೇ ಪ್ರಯೋಗಶಾಲೆಯಲ್ಲಿ ವರ್ನಿಯರ್ ಮಾಪಕವನ್ನು ಎಲ್ಲರಿಗಿಂತ ಚೆನ್ನಾಗಿ ಓದುವವರು. ಹದಿನೇಳು ವರ್ಷ ಮಂದಬುದ್ಧಿಯೆನ್ನಿಸಿಕೊಂಡು ಬಂದ ಹುಡುಗನಿಗೆ ಬೇಕಾಗಿದ್ದುದು ಎರಡು ಗಾಜುಗಳೆಂದರೆ ಯಾರಿಗೆ ಸಿಟ್ಟು ಬಾರದು? ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಮದುವೆಗೆ ಅಡ್ಡಿಯಾದೀತೆಂದು ಕನ್ನಡಕವನ್ನು ಮುಂದೂಡುವ ಮನೆಗಳು ಸುಶಿಕ್ಷಿತರ ಬಡಾವಣೆಗಳಲ್ಲಿಯೂ ಇವೆ. ಧರಿಸಿದರೆ ನಂಬರು ಏರುತ್ತದೆಂಬುದು ಅವರ ಸಮಾಧಾನ. ಇದು ತಪ್ಪು. ಬೆಳೆಯುವ ವಯಸ್ಸಿನಲ್ಲಿ ಕಣ್ಣು ಉದ್ದವಾಗುವುದರಿಂದ ನಂಬರು ಏರುತ್ತದೆ, ಧರಿಸಿದ್ದರಿಂದಲ್ಲ. ಹೆಚ್ಚಿನ ಅಸಮದೃಷ್ಟಿಯನ್ನು ಎಳವೆಯಲ್ಲಿಯೆ ತಿದ್ದದಿದ್ದರೆ ಮಿದುಳು ಸ್ಪಷ್ಟವಾಗಿ ನೋಡುವುದನ್ನು ಕಲಿಯುವುದೇ ಇಲ್ಲ; ಮುಂದೆ ಎಂಥ ಕನ್ನಡಕ ಕೊಟ್ಟರೂ ಪೂರ್ಣ ದೃಷ್ಟಿ ಬಾರದಿರಬಹುದು. 1896ರಲ್ಲಿ ಸಣ್ಣ ಚಿಕಿತ್ಸಾಲಯವಾಗಿ ಮೊದಲಾಗಿ 1913ರಲ್ಲಿ ಚಾಮರಾಜಪೇಟೆಯ ಕಟ್ಟಡಕ್ಕೆ ಬಂದ ಮಿಂಟೋ ಆಸ್ಪತ್ರೆ ನಮ್ಮ ಊರಿನ ನಡುವೆಯೆ ಇರುವಾಗ ಈ ಅಲಕ್ಷ್ಯಕ್ಕೆ ಕಾರಣವಿಲ್ಲ.

ಉದ್ದವಾದ ಕಣ್ಣನ್ನು ಯಾವ ವ್ಯಾಯಾಮವೂ ಗಿಡ್ಡಗೆ ಮಾಡಲಾರದು. ಆದರೆ ಬಯಲಿನ ಬೆಳಕು ಸಮೀಪದೃಷ್ಟಿ ಮೊದಲಾಗುವುದನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆಂಬುದಕ್ಕೆ ಆಧಾರವಿದೆ. ಚೀಣಾದ ಗ್ವಾಂಗ್‌ಜೋ ನಗರದ ಕೆಲವು ಶಾಲೆಗಳಲ್ಲಿ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗಿನ ಚಟುವಟಿಕೆ ಕೊಟ್ಟು ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದುದು ಆ ಶಾಲೆಗಳಲ್ಲಿ ನೂರಕ್ಕೆ ಸುಮಾರು 30 ಮಕ್ಕಳಿಗೆ, ಉಳಿದ ಶಾಲೆಗಳಲ್ಲಿ ಸುಮಾರು 40 ಮಕ್ಕಳಿಗೆ. ಶಾಲೆ ಬಿಟ್ಟೊಡನೆ ಮಕ್ಕಳನ್ನು ಮನೆಪಾಠದ ಕೊಠಡಿಗೆ ಅಟ್ಟುವ ತಂದೆತಾಯಂದಿರು ಇದನ್ನು ಗಮನಿಸುವುದು ಒಳ್ಳೆಯದು.

ಕನ್ನಡಕ ಬಂದಮೇಲೂ ಒಂದು ಎಚ್ಚರಿಕೆ ಬೇಕು. ಚೀಟಿಯ ಮೂರನೆಯ ಅಂಕೆ ಸಿಲಿಂಡರ್ ಗಾಜು ಯಾವ ಕೋನದಲ್ಲಿ ನಿಲ್ಲಬೇಕೆಂಬುದನ್ನು ಹೇಳುತ್ತದೆ. ಗಾಜು 30 ಡಿಗ್ರಿ ತಿರುಗಿಬಿಟ್ಟರೆ, ಕನ್ನಡಕವಿಲ್ಲದಾಗ ಎಷ್ಟು ಅಸಮತೆಯಿತ್ತೊ ಅಷ್ಟೇ ಅಸಮತೆ ಬೇರೊಂದು ದಿಕ್ಕಿನಲ್ಲಿ ಹುಟ್ಟುತ್ತದೆ. ಇನ್ನೂ ತಿರುಗಿದರೆ ಕನ್ನಡಕವೇ ದೋಷವನ್ನು ಹೆಚ್ಚಿಸುತ್ತದೆ. ಹತ್ತು ಡಿಗ್ರಿಗೇ ಮೂರನೆಯ ಒಂದು ಪಾಲು ಪ್ರಯೋಜನ ಹೋಗಿರುತ್ತದೆ. ದಿಂಬಿನ ಕೆಳಗೆ ಸಿಕ್ಕಿ ಸೊಟ್ಟಗಾದ ಚೌಕಟ್ಟನ್ನೇ ತಿಂಗಳುಗಟ್ಟಲೆ ಧರಿಸಿ ತಲೆನೋವೆಂದು ಕೊರಗುವ ಬದಲು, ಗಾಂಧಿಬಜಾರಿಗೆ ಹೋದಾಗ ಕನ್ನಡಕದ ಅಂಗಡಿಯಲ್ಲಿ ಅದನ್ನು ನೇರಮಾಡಿಸಿಕೊಳ್ಳಬಹುದು. ಐದು ನಿಮಿಷದ ಕೆಲಸ.